ಆವಕ-ಜಾವಕ

ನೌಕರಿಯಿಂದ ನಿವೃತ್ತರಾದವರನ್ನು ನಮ್ಮ ಕುಕನೂರಿನ ಜನ ಎರಡೇ ಪ್ರಶ್ನೆ ಕೇಳುತ್ತಾರೆ. "ಪೆನ್ಶನ್ ಎಷ್ಟ ಬರ್ತೈತ್ರಿ?" ಎನ್ನುವುದು ಮೊದಲನೆಯದು. "ಮತ್ತ ಈಗ ಏನ್ ಮಾಡಾಕತ್ತೀರ್ರಿ?" ಎನ್ನುವುದು ಎರಡನೆಯದು. ಮೊದಲನೆಯದಕ್ಕೆ ಒಂದಿಷ್ಟು ಕಡಿಮೆ ಹೇಳಿ ಪಾರಾಗಬಹುದು. ಸಾಲ ಕೇಳುವವರಾದರೂ ದೂರ ಉಳಿಯುತ್ತಾರೆ. ಎರಡನೆಯದು ಮಾತ್ರ ಬಲು ತ್ರಾಸಿನದು. 'ಏನೂ ಇಲ್ಲ' ಎಂದರೆ ಕೇಳಿದವರು "ಆರಾಮ್ ಬಿಡ್ರಿ" ಎಂದು ಹೇಳಿ, ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡುವ ಕಣ್ಣಿನಿಂದ ನೋಡುತ್ತಾರೆ. 'ಓದು, ಬರಹ' ಎಂದರೆ ಹಾಸ್ಟೆಲಿನ ಅರ್ಜಿ ಬರೆದುಕೊಡಿ ಎಂದು ಬೆನ್ನು ಹತ್ತುತ್ತಾರೆ. ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರು ಇದಕ್ಕೆ ಒಳ್ಳೆಯ ಉಪಾಯ ಕಂಡುಕೊಂಡಿದ್ದಾರೆ. "ಹೊಲದ ಕಡೆ ಸ್ವಲ್ಪ ನೋಡ್ಕೊಂಡಿದೀನಿ" ಎಂದುಬಿಡುತ್ತಾರೆ. ಅವರಿಗೆ ಹೊಲವಿಲ್ಲ. ಆದರೂ ದಿನಾ ಸಂಜೆ ಊರ ಹೊರಗೆ ಹೋಗಿ ಬೇರೆಯವರ ಹೊಲಗಳನ್ನು ನೋಡಿಕೊಂಡು ಬರುವುದರಿಂದ ಅವರ ಮಾತು ಪೂರ್ತಿ ಸುಳ್ಳೂ ಅಲ್ಲ.

ನಾನು ಸರ್ಕಾರಿ ಕಚೇರಿಯೊಂದರ ಆವಕ-ಜಾವಕ ಟೇಬಲ್ಲಿನಲ್ಲಿ ಕೂತವನು. ಬಂದ ಕಾಗದಕ್ಕೊಂದು ನಂಬರು, ಹೋಗುವ ಕಾಗದಕ್ಕೊಂದು ನಂಬರು, ಎರಡರ ಮೇಲೂ ಒಂದೊಂದು ಠಸ್ಸೆ. ನಡುವೆ ಆ ಕಾಗದ ಎಲ್ಲೆಲ್ಲಿ ಅಲೆಯಿತು, ಯಾವ ಕಪಾಟಿನಲ್ಲಿ ನಿದ್ದೆ ಹೊಡೆಯಿತು ಎನ್ನುವುದು ನನ್ನ ಉಸಾಬರಿಯಲ್ಲ. ಸಾಹೇಬರು ಬಂದರು, ಹೋದರು. ರಾಯಚೂರು ಜಿಲ್ಲೆ ಒಡೆದು 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಯಲಬುರ್ಗಾ ತಾಲ್ಲೂಕಿನೊಳಗಿದ್ದ ನಮ್ಮ ಊರೇ ಮುಂದೆ ಒಂದು ತಾಲ್ಲೂಕಾಯಿತು. ಇಷ್ಟೆಲ್ಲ ಇತಿಹಾಸ ನಡೆದಾಗಲೂ ನನ್ನ ಟೇಬಲ್ಲಿನ ಮೇಲೆ ಬದಲಾದದ್ದು ಠಸ್ಸೆಯ ಅಕ್ಷರ ಮಾತ್ರ. ಹೊಸ ಠಸ್ಸೆ ಬರುವ ತನಕ ಹಳೆಯದರಲ್ಲೇ ಹೊಡೆದು ಪೆನ್ನಿನಿಂದ ತಿದ್ದುತ್ತಿದ್ದೆ. ಜಿಲ್ಲೆ ಒಡೆದದ್ದು ವಿಧಾನಸೌಧದಲ್ಲಿ ಎಂದು ನೀವು ತಿಳಿದಿರಬಹುದು. ಕಾಗದದ ಮೇಲೆ ಅದನ್ನು ಒಡೆದವನು ನಾನು.

ಆ ಕೆಲಸಕ್ಕೆ ಅರ್ಥ ಇತ್ತೇ ಎಂದು ಆಗ ಯಾರಾದರೂ ಕೇಳಿದ್ದರೆ, ಚಹಾ ತರಿಸಿ ಅವರನ್ನು ಸಾಗಹಾಕುತ್ತಿದ್ದೆ. ಅರ್ಥದ ಯೋಚನೆ ಹತ್ತಿಸಿದವಳು ಒಬ್ಬ ಮುದುಕಿ. ವಿಧವಾ ವೇತನ ಮಂಜೂರಾದ ಖುಷಿಗೆ ಸೆರಗಿನ ಗಂಟಿನಲ್ಲಿ ಹುರಿದ ಶೇಂಗಾ ಕಟ್ಟಿಕೊಂಡು ಬಂದಿದ್ದಳು. ಆದೇಶಕ್ಕೆ ಸಹಿ ಮಾಡಿದ ಸಾಹೇಬರ ಕೋಣೆ ಬಲಗಡೆಗಿತ್ತು. ಕೇಸು ಓದಿ ಟಿಪ್ಪಣಿ ಬರೆದ ಗುಮಾಸ್ತರು ಎಡಗಡೆಗಿದ್ದರು. ಅವರಿಬ್ಬರನ್ನೂ ದಾಟಿಕೊಂಡು ನೆಟ್ಟಗೆ ನನ್ನ ಹತ್ತಿರ ಬಂದು ಶೇಂಗಾ ಸುರುವಿದಳು. "ಯವ್ವಾ, ಮಂಜೂರು ಮಾಡಿದವರು ಅವರು" ಎಂದು ತೋರಿಸಿದೆ. ಅವಳು ಒಪ್ಪಲಿಲ್ಲ. "ಅವರೆಲ್ಲಾ ಬರೇ ನೋಡಿ ನೋಡಿ ಇಟ್ರಪ್ಪಾ. ಠಪ್ ಅಂತ ಹೊಡದಾಂವ ನೀನ!" ಅವಳ ತರ್ಕ ಗಟ್ಟಿಯಾಗಿತ್ತು. ಸಹಿ ಎನ್ನುವುದು ಸಪ್ಪಳವಿಲ್ಲದ ಕೆಲಸ. ಓದು ಬಾರದವಳ ಕಣ್ಣಿಗೆ, ಆ ಇಡೀ ಕಚೇರಿಯಲ್ಲಿ ಕೆಲಸ ಮಾಡಿದ್ದು ಕಂಡದ್ದೂ ಕೇಳಿಸಿದ್ದೂ ನನ್ನ ಒಬ್ಬನದೇ. ಶೇಂಗಾ ಎಲ್ಲರಿಗೂ ಹಂಚಿದೆ. ಆದರೆ ಆಮೇಲೆ ನಂಬರು ಹಾಕುವಾಗ ಅರ್ಜಿದಾರರ ಹೆಸರನ್ನೂ ಊರನ್ನೂ ಓದುವ ಚಟ ಹತ್ತಿತು. ಬಳಗೇರಿಯ ಯಾರೋ, ಮಂಗಳೂರಿನ ಯಾರೋ. (ನಮ್ಮ ಮಂಗಳೂರು, ಸಮುದ್ರದ ದಂಡೆಯದಲ್ಲ. ಇಲ್ಲಿ ಸಮುದ್ರವಂತೂ ಇಲ್ಲ, ಮಳೆ ಬಂದರೆ ಎರಿ ಮಣ್ಣು ಇದೆ.) ಹೆಸರು ಓದತೊಡಗಿದ ಮೇಲೆ ನನ್ನ ಕೈಬರಹ ಸುಧಾರಿಸಿತು. ಕಾರಣ ನಾನು ಹುಡುಕಲಿಲ್ಲ.

ಈಗ ಹೊತ್ತು ಹೋಗುವುದು ಬಸ್ ನಿಲ್ದಾಣದ ಹತ್ತಿರದ ಟೇಲರ್ ಅಂಗಡಿಯ ಬೆಂಚಿನ ಮೇಲೆ. ಆ ಬೆಂಚಿಗೆ ನನ್ನಂಥ ಇನ್ನಿಬ್ಬರು ಕಾಯಂ ಸದಸ್ಯರಿದ್ದಾರೆ. ನಾವು ಬಟ್ಟೆ ಹೊಲಿಸುವುದಿಲ್ಲ, ಆದ್ದರಿಂದ ಟೇಲರನಿಗೆ ನಮ್ಮ ಮೇಲೆ ಮುನಿಸೂ ಇಲ್ಲ. ಹೊಲಿಸುವವರು 'ಇನ್ನೂ ಆಗಿಲ್ಲೇನು' ಎಂದು ಜಗಳ ತೆಗೆಯುತ್ತಾರೆ. ಈ ಟೇಲರನಿಗೆ ಊರಿನ ಮುಖಗಳಿಗಿಂತ ಬೆನ್ನುಗಳ ಪರಿಚಯ ಹೆಚ್ಚು. ಸಂತೆಯ ಗದ್ದಲದಲ್ಲಿ ಯಾರೋ ಹಿಂದಿನಿಂದ ಹೋದರೆ "ಆ ಅಂಗಿ ನಂದು" ಎನ್ನುತ್ತಾನೆ, ತೊಟ್ಟವನ ಹೆಸರು ಆಮೇಲೆ ನೆನಪಿಸಿಕೊಳ್ಳುತ್ತಾನೆ. ಊರಿನ ಆರೋಗ್ಯದ ಸುದ್ದಿ ದವಾಖಾನೆಗಿಂತ ಮೊದಲು ತಿಳಿಯುವುದು ಅವನ ಟೇಪಿಗೆ. ಒಮ್ಮೆ ನನ್ನೆದುರಿಗೇ ಒಬ್ಬರ ಸೊಂಟದ ಅಳತೆ ತೆಗೆದು, ಹಳೆಯ ಬುಕ್ಕಿನಲ್ಲಿ ನೋಡಿ, ಮತ್ತೊಮ್ಮೆ ಅಳೆದು, "ಯಜಮಾನ್ರ, ಎರಡಿಂಚು ಕಡಿಮ್ಯಾಗ್ಯಾವ. ಪ್ಯಾಂಟ್ ಆಮ್ಯಾಲ ಹೊಲಿಸೂಣು, ಮೊದಲ ಶುಗರ್ ಚೆಕ್ ಮಾಡಸ್ರಿ" ಎಂದು ಕಳಿಸಿಕೊಟ್ಟ. ಅವರು ಹೋಗಿ ಮಾಡಿಸಿದರು. ಶುಗರ್ ಇತ್ತು. ಪ್ಯಾಂಟಿನ ಬಟ್ಟೆ ಮಾತ್ರ ಬಹಳ ದಿನ ಹಾಗೇ ಕಪಾಟಿನಲ್ಲಿ ಮಡಚಿಕೊಂಡು ಕಾಯುತ್ತಿತ್ತು.

ಬೆಂಚಿನ ಸದಸ್ಯರಲ್ಲಿ ಒಬ್ಬ ನಾಟಕದಲ್ಲಿ ಪರದೆ ಎಳೆಯುತ್ತಿದ್ದವನು. ಕುಕನೂರಿಗೂ ನಾಟಕಕ್ಕೂ ನಂಟು ಹಳೆಯದು. ವೃತ್ತಿ ರಂಗಭೂಮಿಯ ಹೆಸರಾಂತ ನಟಿ ರಹಿಮಾನವ್ವ ಕಲ್ಮನಿ ನಮ್ಮೂರಿನವರು. ಜಾತ್ರೆಗೊಂದು, ಹಬ್ಬಕ್ಕೊಂದು ನಾಟಕವಾಗದ ಹಳ್ಳಿ ಈ ಸೀಮೆಯಲ್ಲಿ ಕಡಿಮೆ. ಹತ್ತಿರದ ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿದರಲ್ಲ, ಅವರ ಆಶ್ರಮದ ಹೊಟ್ಟೆ ಹೊರೆದದ್ದರಲ್ಲೂ ನಾಟಕ ಕಂಪನಿಯ ಪಾಲು ದೊಡ್ಡದು. ಹಾಡುವವರು, ಕುಣಿಯುವವರು, ಕಾಲುಪೆಟ್ಟಿಗೆ ಬಾರಿಸುವವರು ಎಲ್ಲರ ಮಾತು ಎಲ್ಲರೂ ಆಡುತ್ತಾರೆ. ನಮ್ಮ ಬೆಂಚಿನವನದು ಬೇರೆ ದೂರು. "ಸಾಹೇಬ್ರ, ನಾಟಕ ಆಡಿಸಿದಾಂವ ನಾನು. ಭೀಮ ದುಶ್ಯಾಸನನ್ನ ಕೊಲ್ತಾನ, ಖರೆ. ಆದ್ರ ನಾ ಪರದಿ ಬಿಡಲಿಲ್ಲಂದ್ರ ಆ ದುಶ್ಯಾಸನ ಬೆಳಗತನಾ ಸತ್ತ ಬಿದ್ದಿರಬೇಕು. ಅವನ್ನ ಎಬ್ಬಿಸಿ ಚಹಾ ಕುಡಿಯಾಕ ಕಳಸಾಂವ ಯಾರು?" ದುಶ್ಯಾಸನನ ಪಾರ್ಟಿನವನು ಕುಡಿದು ಬಂದ ರಾತ್ರಿ ಸತ್ತ ಮೇಲೆ ಅಲ್ಲೇ ಗೊರಕೆ ಹೊಡೆಯತೊಡಗಿದನಂತೆ. ಸಪ್ಪಳ ಮುಂದಿನ ಸಾಲಿಗೆ ಮುಟ್ಟುವುದರೊಳಗೆ ಇವನು ಅಂಕದ ಪರದೆ ಇಳಿಸಿದ. ಕೆಳಗೆ ಚಪ್ಪಾಳೆ ಬಿತ್ತು. "ಆ ಚಪ್ಪಾಳಿ ಅವಂಗಲ್ರಿ, ನನಗ" ಎಂದು ಇವತ್ತಿಗೂ ಹೇಳುತ್ತಾನೆ. ಅವನ ಅಂಗೈಯಲ್ಲಿ ಹಗ್ಗ ಕೊರೆದ ಗೆರೆ ಇನ್ನೂ ಇದೆ. ಜ್ಯೋತಿಷಿಯೊಬ್ಬ ಅದನ್ನೇ ಆಯುಷ್ಯರೇಖೆ ಎಂದು ತಿಳಿದು ತೊಂಬತ್ತೈದು ವರ್ಷ ಕೊಟ್ಟಿದ್ದಾನೆ.

ಈ ಟೇಲರ್ ಮತ್ತು ಪರದೆಯವನ ನಡುವೆ ಕೂತಾಗಲೆಲ್ಲ ನನಗೆ ನನ್ನ ತಂಗಿಯ ಮಗ ನೆನಪಾಗುತ್ತಾನೆ. ಬೆಂಗಳೂರಿನಲ್ಲಿ ದೊಡ್ಡ ನೌಕರಿ. ಕಳೆದ ಸಲ ಊರಿಗೆ ಬಂದಾಗ ಮುಖ ಸಣ್ಣದು ಮಾಡಿಕೊಂಡು ಪಡಸಾಲೆಯಲ್ಲಿ ಕೂತಿದ್ದ. ನಮ್ಮವ್ವನಿಗೆ ವಯಸ್ಸು ಎಂಬತ್ತು ದಾಟಿದೆ. ಕಿವಿ ಮಂದ, ಕುತೂಹಲ ಚುರುಕು.

"ಏನ್ ಕೆಲಸನೋ ನಿಂದು?"

"ಮೀಟಿಂಗ್ ಇರ್ತಾವ ಆಯಿ. ಒಂದು ಟೀಮಿನವರು ಏನು ಮಾಡಾಕತ್ತಾರ ಅಂತ ಇನ್ನೊಂದು ಟೀಮಿಗೆ ಹೇಳೋದು."

"ಅವರಿಗೆ ಬಾಯಿಲ್ಲೇನು?"

"ಅದಾವ. ಆದ್ರೂ ನಾ ಹೇಳಬೇಕು."

ಅವ್ವ ಸ್ವಲ್ಪ ಯೋಚನೆ ಮಾಡಿದಳು. "ಒಂದ ದಿನ ನೀ ಹೋಗಲಿಲ್ಲಂದ್ರ ಯಾರಿಗೆ ತ್ರಾಸ ಆಗ್ತೈತಿ?"

ಹುಡುಗ ಪ್ರಾಮಾಣಿಕ. ಬಹಳ ಹೊತ್ತು ಚಾವಣಿ ನೋಡಿ, "ಯಾರಿಗೂ ಇಲ್ಲ ಅನಸ್ತೈತಿ" ಎಂದ. ಹೇಳುವಾಗ ಅವನ ಗಂಟಲು ಕಟ್ಟಿತು.

"ಹಂಗಾರ ಚಲೋ ನೌಕರಿ ಬಿಡು" ಎಂದಳು ಅವ್ವ, ಮನಸಾರೆ.

ಅಮೆರಿಕದ ಮಾನವಶಾಸ್ತ್ರಜ್ಞ ಡೇವಿಡ್ ಗ್ರೇಬರ್ 2013ರಲ್ಲಿ ಇಂಥ ನೌಕರಿಗಳ ಮೇಲೆ ಒಂದು ಲೇಖನ ಬರೆದರು. ಅದು ದೇಶದೇಶಗಳಲ್ಲಿ ಓಡಾಡಿ, 2018ರಲ್ಲಿ ಪುಸ್ತಕವೂ ಆಯಿತು. ತಾನು ಮಾಡುವ ಕೆಲಸ ನಾಳೆ ಇಲ್ಲವಾದರೆ ಯಾರಿಗೂ ಏನೂ ಆಗುವುದಿಲ್ಲ ಎಂದು ಮಾಡುವವನಿಗೇ ಒಳಗೊಳಗೆ ಗೊತ್ತಿರುವುದು, ಗೊತ್ತಿದ್ದೂ ಹೊರಗೆ ಗಂಭೀರವಾಗಿರಬೇಕಾದದ್ದು ಮನುಷ್ಯನನ್ನು ಒಳಗಿನಿಂದ ತಿನ್ನುತ್ತದೆ ಎನ್ನುವುದು ಅವರ ವಾದ. ನಮ್ಮವ್ವ ಅದೇ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಕೇಳಿದ್ದಳು. ತೀರ್ಪು ಮಾತ್ರ ಬೇರೆ ಕೊಟ್ಟಳು. ತಪ್ಪಿದರೆ ಹತ್ತು ಮಂದಿ ಉಪವಾಸ ಬೀಳುವಂಥ ಕೆಲಸವನ್ನೇ ಒಂದು ದಿನವೂ ರಜೆಯಿಲ್ಲದೆ ಮಾಡಿದವಳಿಗೆ, ತಪ್ಪಿದರೂ ನಡೆಯುವ ಕೆಲಸ ಎನ್ನುವುದು ಕೈಲಾಸದ ಮಾತಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕೆಲಸದಲ್ಲಿ ಬದುಕಿನ ಅರ್ಥ ಸಿಗುತ್ತದೆ ಎಂದು ಭಾಷಣ ಮಾಡುವವರು ಮೊದಲು ಅಡಿಗೆಮನೆಯಲ್ಲಿ ವಿಚಾರಿಸಬೇಕು.

ಹಿಂದಿನ ಕಾಲದ ಆಯದ ಪದ್ಧತಿಯನ್ನು ಹೊಗಳುವವರಿಗೂ ಇದೇ ಮಾತು. ಬಡಿಗೇರ ಕೂರಿಗೆ ಮಾಡಿಕೊಡುತ್ತಿದ್ದ, ಕಮ್ಮಾರ ಕುಡ ಹಣಿದು ಕೊಡುತ್ತಿದ್ದ, ಕುಂಬಾರ ಗಡಿಗೆ, ಸಮಗಾರ ಮಿಣಿ-ಬಾರುಕೋಲು; ರಾಶಿಯ ದಿನ ಕಣಕ್ಕೆ ಬಂದು ಎಲ್ಲರೂ ತಮ್ಮ ಪಾಲಿನ ಜೋಳ ಒಯ್ಯುತ್ತಿದ್ದರು; ಊರೆಲ್ಲ ಒಂದೇ ಮನೆಯಂತೆ ಇತ್ತು ಎಂದು ನನ್ನ ವಯಸ್ಸಿನವರು ಕಣ್ಣು ಒದ್ದೆ ಮಾಡಿಕೊಳ್ಳುವುದುಂಟು. ನಂಟೇನೋ ಇತ್ತು, ಇಲ್ಲ ಎನ್ನಲಾರೆ. ಆದರೆ ಕಣದಲ್ಲಿ ಯಾರು ಮೊದಲು ನಿಲ್ಲಬೇಕು, ಯಾರು ಕೊನೆಗೆ, ಯಾರ ಮೊರಕ್ಕೆ ಕಾಳು ಹಾಕುವಾಗ ಕೈ ಎಷ್ಟು ಎತ್ತರದಲ್ಲಿರಬೇಕು ಎನ್ನುವುದೂ ಆ ನಂಟಿನೊಳಗೇ ಇತ್ತು. ಅಪ್ಪನ ಕೆಲಸವೇ ಮಗನಿಗೆ, ಬೇಡವೆಂದರೂ ಬಿಡುವಂತಿಲ್ಲ. ಕಣದ ನಡುವೆ ನಿಂತು ನೋಡಿದವರಿಗೆ ಅದು ಒಂದೇ ಮನೆ. ಕಣದ ಅಂಚಿನಲ್ಲಿ ಸೆರಗೊಡ್ಡಿದವರನ್ನು ಯಾರೂ ಕೇಳಿ ಬರೆದಿಡಲಿಲ್ಲ.

ಹನ್ನೆರಡನೆಯ ಶತಮಾನದ ಶರಣರು ಮುಟ್ಟಿದ್ದು ಈ ಗಾಯವನ್ನೇ. ಹಗ್ಗ ಹೊಸೆಯುವವನು, ಬಟ್ಟೆ ಒಗೆಯುವವನು, ದೋಣಿ ನಡೆಸುವವನು, ಕಸ ಗುಡಿಸುವವಳು ಎಲ್ಲರೂ ಅದೇ ಕೆಲಸದ ಹೆಸರನ್ನು ಮುಂದೆ ಇಟ್ಟುಕೊಂಡೇ ಅನುಭವ ಮಂಟಪಕ್ಕೆ ಬಂದರು. ನಮ್ಮ ಸೀಮೆಯ ಪಕ್ಕದ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ಗೊತ್ತು. ಗಂಡ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಹೆಂಡತಿ ಲಕ್ಕಮ್ಮ ವಾಪಸು ಸುರಿದು ಬರಲು ಕಳಿಸಿದಳು. ಅಷ್ಟು ಪ್ರಸಿದ್ಧವಲ್ಲದ, ನನಗೆ ಅದಕ್ಕಿಂತ ಪ್ರೀತಿಯ ಕಥೆ ನುಲಿಯ ಚಂದಯ್ಯನದು. ಹಗ್ಗಕ್ಕೆ ಹುಲ್ಲು ಕೊಯ್ಯುವಾಗ ಅವನ ಕೊರಳಿನ ಇಷ್ಟಲಿಂಗ ಕಳಚಿ ಕೆರೆಗೆ ಬಿತ್ತಂತೆ. ಬಿದ್ದರೆ ಬೀಳಲಿ ಎಂದು ಚಂದಯ್ಯ ಹುಲ್ಲಿನ ಹೊರೆ ಎತ್ತಿಕೊಂಡು ಹೊರಟೇಬಿಟ್ಟ. ಜಂಗಮ ದಾಸೋಹಕ್ಕೆ ಹೊತ್ತಾಗುತ್ತದಲ್ಲ! ಲಿಂಗವೇ ಬೆನ್ನು ಹತ್ತಿ, ಕೈ ಮುಗಿದು, ಮಡಿವಾಳ ಮಾಚಯ್ಯನನ್ನು ನಡುವೆ ಹಾಕಿಕೊಂಡು ರಾಜಿ ಮಾಡಿಕೊಳ್ಳಬೇಕಾಯಿತು. ಕೊನೆಗೆ ಚಂದಯ್ಯ ಒಪ್ಪಿದ್ದು, ತಾನು ಹೊಸೆದ ಹಗ್ಗವನ್ನು ಲಿಂಗ ಮಾರಿಕೊಂಡು ಬರಬೇಕೆಂಬ ಕರಾರಿನ ಮೇಲೆ. ದೇವರನ್ನು ಸಂತೆಗೆ ಕಳಿಸಿದ ಇನ್ನೊಬ್ಬ ಭಕ್ತ ನನಗೆ ಗೊತ್ತಿಲ್ಲ. ಸಂತೆಯಲ್ಲಿ ಕೂತ ಲಿಂಗಕ್ಕೆ ಗಿರಾಕಿಗಳು ಎಷ್ಟು ಚೌಕಾಶಿ ಮಾಡಿದರೋ! ಹಗ್ಗದ ವ್ಯಾಪಾರ ಅಷ್ಟು ಸುಲಭವಲ್ಲ. ಜಗ್ಗಿ ನೋಡದೆ ಯಾರೂ ಒಯ್ಯುವುದಿಲ್ಲ.

ಮಾಡಿದ್ದನ್ನು ಒಯ್ಯುವವರು ಬೇಕು ಎನ್ನುವುದು ಆ ಕಥೆಯಲ್ಲಿ ನನಗೆ ಹಿಡಿಸುವ ಭಾಗ. ಹೊಸೆಯುವವನ ಕೈಗೂ ಕಟ್ಟುವವನ ಕೈಗೂ ನಡುವೆ ಒಂದು ಸಂತೆ ಇರಲೇಬೇಕು. ಕಿನ್ನಾಳಕ್ಕೆ ಹೋದವರಿಗೆ ಇದು ಬೇಗ ತಿಳಿಯುತ್ತದೆ. ಅಲ್ಲಿಯ ಚಿತ್ರಗಾರರ ಗೊಂಬೆಗಳನ್ನು ಕೈಯಲ್ಲಿ ಹಿಡಿದವರು ಮೊದಲು ಬೆರಗಾಗುವುದು ಅದರ ಹಗುರಕ್ಕೆ. ಹಗುರವಾದ ಪೊಳಕಿ ಮರವನ್ನು ಒಣಗಿಸಿ, ತುಂಡು ತುಂಡಾಗಿ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟಿನ ಜೊತೆ ಕಲಸಿದರೆ ಕಿಟ್ಟ. ಸಂದುಗಳನ್ನೆಲ್ಲ ಅದರಿಂದ ಮುಚ್ಚಿ, ಮೇಲೆ ಅರಿವೆ ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಗರುಡ, ಕಾಮಧೇನು, ತೊಟ್ಟಿಲು, ಪಲ್ಲಕ್ಕಿ. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿಗೆ ಚಿತ್ರ ಬರೆದವರು ತಮ್ಮ ಹಿರಿಯರೇ ಎಂದು ಆ ಮನೆತನದವರು ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ; ಕೆಂಪು ಬಣ್ಣ ನೋಡಿದರೆ ನಂಬಬೇಕೆನ್ನಿಸುತ್ತದೆ.

ಒಂದು ಮನೆಯ ಕಟ್ಟೆಯ ಮೇಲೆ ಕೂತು, ಅಲ್ಲಿದ್ದ ಗರುಡನನ್ನು ತೋರಿಸಿ "ಇದನ್ನ ಮಾಡಿದವರು ಯಾರ್ರಿ?" ಎಂದೆ. ಹಿರಿಯರು ಗರುಡನ ಕಡೆ ನೋಡಲೂ ಇಲ್ಲ. "ಮನ್ಯಾಗ ಮಾಡಿದ್ದು" ಎಂದರು. ಒಳಗೆ ಹೆಂಗಸರು ಹುಣಸೆ ಬೀಜ ಅರೆಯುತ್ತಿದ್ದರು, ಹುಡುಗನೊಬ್ಬ ಉಪ್ಪುಕಾಗದ ಹಿಡಿದು ರೆಕ್ಕೆ ಉಜ್ಜುತ್ತಿದ್ದ. ನಾನು ಗುಮಾಸ್ತ, ಒಂದು ಕಾಗದಕ್ಕೆ ಒಬ್ಬನ ಸಹಿ ಬೇಕೇ ಬೇಕು ಎನ್ನುವ ಸಂಸ್ಕಾರ. "ಆದರೂ ಹೆಚ್ಚಿನ ಕೆಲಸ ಯಾರದ್ರಿ?" ಎಂದು ಮತ್ತೆ ಕೇಳಿದೆ. ಅವರು ಸ್ವಲ್ಪ ಬೇಸರದಿಂದಲೇ, "ಅಂಟು ಚಲೋ ಆಗಲಿಲ್ಲಂದ್ರ ನನ್ನ ಬಣ್ಣ ತಗೊಂಡು ಏನ್ ಮಾಡ್ತೀರಿ?" ಎಂದರು. ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಅವರು ಆಡಿದ್ದೆಲ್ಲ ದುಡ್ಡಿನ ಮಾತು. ಪೊಳಕಿ ಮರ ಸಿಗುವುದು ಕಷ್ಟ, ಬಂದವರು ಫೋಟೋ ತೆಗೆದುಕೊಂಡು ಹೋಗುತ್ತಾರೆ, ಬೆಲೆ ಕೇಳಿ 'ಪ್ಲಾಸ್ಟಿಕ್ಕಿನದು ಇದರ ಅರ್ಧಕ್ಕೆ ಬರ್ತೈತಲ್ಲ' ಎನ್ನುತ್ತಾರೆ. ಕಲೆ, ಪರಂಪರೆ ಎನ್ನುವ ಮಾತು ನನ್ನ ಬಾಯಿಯ ತುದಿಗೆ ಬಂದಿತ್ತು. ಹೇಳದೆ ಒಂದು ಗರುಡ ಕೊಂಡೆ. ಚೌಕಾಶಿ ಮಾಡಲಿಲ್ಲ. ನನ್ನ ಹೆಂಡತಿ ಮನೆಯಲ್ಲಿ ಬೆಲೆ ಕೇಳಿದಾಗ, ಪೆನ್ಶನ್ನಿನ ವಿಷಯದಲ್ಲಿ ಮಾಡುವಂತೆ ಇಲ್ಲಿಯೂ ಒಂದಿಷ್ಟು ಕಡಿಮೆ ಹೇಳಿದೆ.

ಒಯ್ಯುವವರು ಇವತ್ತೇ ಬರಬೇಕೆಂದಿಲ್ಲ ಎನ್ನುವುದಕ್ಕೆ ನಮ್ಮ ಮಗ್ಗುಲಲ್ಲೇ ಇಟಗಿ ಇದೆ. ಅಲ್ಲಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನ ಆ ಗುಡಿಯನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ನಮ್ಮೂರ ನವಲಿಂಗ ಗುಡಿ ಅದಕ್ಕಿಂತಲೂ ಹಳೆಯದು, ರಾಷ್ಟ್ರಕೂಟರ ಕಾಲದ್ದು. ಇಟಗಿಯ ಕಂಬಗಳು ಬಳಪದ ಕಲ್ಲಿನವು, ತಿರುಗಿಸಿ ಕಡೆದವು. ಬೆರಳಿಟ್ಟು ಸುತ್ತು ಹಾಕಿದರೆ ಉಂಗುರದ ಮೇಲೆ ಉಂಗುರ, ಎಲ್ಲೂ ತಡೆಯುವುದಿಲ್ಲ. ದಂಡನಾಯಕನ ಹೆಸರು ಶಾಲೆಯ ಹುಡುಗರಿಗೂ ಬರುತ್ತದೆ. ಈ ಉಂಗುರ ಕಡೆದವನ ಹೆಸರು ಕೇಳಿದರೆ ಊರಿನಲ್ಲಿ ಹೇಳುವವರಿಲ್ಲ. ಅವನೂ ಸಂಜೆ ಕೂಲಿಯ ಲೆಕ್ಕಕ್ಕೆ ಜಗಳ ಮಾಡಿರಬಹುದು, ಪಕ್ಕದ ಕಂಬದವನು ತನಗಿಂತ ನುಣ್ಣಗೆ ಕಡೆದದ್ದು ನೋಡಿ ನಿದ್ದೆಗೆಟ್ಟಿರಬಹುದು. ಒಂಬೈನೂರು ವರ್ಷ ಕಳೆದ ಮೇಲೆ ಒಬ್ಬ ನಿವೃತ್ತ ಗುಮಾಸ್ತ ಬಂದು ಬೆರಳಾಡಿಸುತ್ತಾನೆ ಎಂದು ಯಾರಾದರೂ ಅವನಿಗೆ ಹೇಳಿದ್ದರೆ, ಬಹುಶಃ ಕೂಲಿ ಹೆಚ್ಚಿಸಿ ಎನ್ನುತ್ತಿದ್ದ.

ಇನ್ನು ಗವಿಮಠದ ಜಾತ್ರೆಗೆ ಬರಬೇಕು. ನಮ್ಮ ಜಿಲ್ಲೆಯವರ ಯಾವ ಮಾತೂ ಕೊನೆಗೆ ಅಲ್ಲಿಗೇ ಬರುತ್ತದೆ. ಬನದ ಹುಣ್ಣಿಮೆ ಕಳೆದು ಕೊಪ್ಪಳದಲ್ಲಿ ಗವಿಸಿದ್ಧೇಶ್ವರನ ತೇರು ಎಳೆಯುತ್ತಾರೆ. ಲಕ್ಷಗಟ್ಟಲೆ ಜನಕ್ಕೆ ದಿನಗಟ್ಟಲೆ ದಾಸೋಹ. ಆ ಮಠಕ್ಕೆ ಜನರಿಂದ ಕೆಲಸ ಮಾಡಿಸುವ ವಿದ್ಯೆ ಚೆನ್ನಾಗಿ ಗೊತ್ತು. 2019ರಲ್ಲಿ ಈಗಿನ ಸ್ವಾಮಿಗಳು ಮುಂದೆ ನಿಂತು ಹಿರೇಹಳ್ಳದ ಹೂಳು ತೆಗೆಸಿದರು. ಸುಮಾರು 26 ಕಿಲೋಮೀಟರ್ ಹಳ್ಳ, ಜಾಲಿ ಬೆಳೆದು ಹಳ್ಳ ಎನ್ನುವ ಗುರುತೇ ಅಳಿದುಹೋಗಿತ್ತು. ಜನ ದುಡ್ಡು ಕೊಟ್ಟರು, ಯಂತ್ರ ತಂದರು, ಕೈಯನ್ನೂ ಹಾಕಿದರು.

ಜಾತ್ರೆಗೆ ತಿಂಗಳು ಇರುವಾಗಲೇ ಹಳ್ಳಿಹಳ್ಳಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ. ನಮ್ಮ ಓಣಿಯ ಹೆಂಗಸರು ಸೇರುವುದು ನಮ್ಮ ಹಿತ್ತಲಿನಲ್ಲಿ, ಯಾಕೆಂದರೆ ಅಲ್ಲಿ ದೊಡ್ಡ ಒಲೆಗಳಿವೆ ಮತ್ತು ನಮ್ಮವ್ವ ಇದ್ದಾಳೆ. ಬಿಳಿಜೋಳದ ಹಿಟ್ಟಿನ ನಡುವೆ ಕುಣಿ ಮಾಡಿ ಕುದಿಯುವ ಎಸರು ಹೊಯ್ಯುತ್ತಾರೆ. ಬೆರಳು ಸುಡುವಾಗಲೇ ನಾದಬೇಕು, ಆರಿದರೆ ಹಿಟ್ಟು ಜಿಗಿ ಬಿಡುತ್ತದೆ, ಅಂಚು ಸೀಳುತ್ತದೆ. ಕೊಣಮಿಗಿಯಲ್ಲಿ ಉಂಡೆ ಇಟ್ಟು ಬಡಿಯತೊಡಗಿದರೆ ಅಂಗೈಯ ಕೆಳಗೆ ರೊಟ್ಟಿ ತಾನಾಗಿ ತಿರುಗುತ್ತ ದೊಡ್ಡದಾಗುತ್ತದೆ. ಅದನ್ನು ಎತ್ತಿ ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ಹೊರಳಿಸಿ, ಉಬ್ಬಿದ ಮೇಲೆ ಒಲೆಯ ಬಾಯಿಗೆ ಕೆಂಡದ ಎದುರು ನಿಲ್ಲಿಸುತ್ತಾರೆ. ನಿಂತು ನಿಂತು ಅದು ಖಡಕ್ ಆಗುತ್ತದೆ. ಐದಾರು ಮಂದಿ ಒಟ್ಟಿಗೆ ಬಡಿಯುವಾಗ ಮೊದಲು ಸಪ್ಪಳ ಅಡ್ಡಾದಿಡ್ಡಿ ಇರುತ್ತದೆ, ಸ್ವಲ್ಪ ಹೊತ್ತಿಗೆ ಒಂದು ತಾಳಕ್ಕೆ ಬರುತ್ತದೆ. ಅದನ್ನು ಕೂಡಿಸಿದವರು ಯಾರೂ ಇಲ್ಲ. ಸೊಸೆಯಂದಿರ ಸುದ್ದಿ, ಅತ್ತೆಯಂದಿರ ಸುದ್ದಿ, ಸಂಘದ ಸಾಲದ ಕಂತಿನ ಸುದ್ದಿ ಎಲ್ಲ ಆ ತಾಳದ ಮೇಲೆಯೇ ನಡೆಯುತ್ತವೆ. ವರ್ಷವಿಡೀ ಮಾತು ಬಿಟ್ಟಿದ್ದ ಇಬ್ಬರು ಹೋದ ವರ್ಷ ಪಕ್ಕಪಕ್ಕದ ಒಲೆಗೆ ಕೂತಿದ್ದರು. ಅವರು ಮಾತಾಡಲಿಲ್ಲ, ಆದರೆ ಒಬ್ಬಳ ಹಂಚು ಖಾಲಿಯಾದರೆ ಇನ್ನೊಬ್ಬಳ ಕೈ ರೊಟ್ಟಿ ದಾಟಿಸುತ್ತಿತ್ತು. ಮಾತು ಈಗಲೂ ಇಲ್ಲ ಎಂದು ಕೇಳಿದ್ದೇನೆ.

ಅವ್ವನಿಗೆ ಬಡಿಯಲು ಈಗ ರಟ್ಟೆಯಲ್ಲಿ ಬಲವಿಲ್ಲ. ಆದ್ದರಿಂದ ಪರೀಕ್ಷಕಿ. ಗೋಡೆಗೆ ಒರಗಿ ಕೂತು, ಬಂದ ರೊಟ್ಟಿಯನ್ನು ಬೆರಳಿನಿಂದ ತಟ್ಟಿ ಸಪ್ಪಳ ಕೇಳಿ, ಪಾಸಾದದ್ದನ್ನು ಬುಟ್ಟಿಗೆ, ನಪಾಸಾದದ್ದನ್ನು ಮಗ್ಗುಲಿಗೆ ಇಡುತ್ತಾಳೆ. ಕಿವಿ ಮಂದವಾದವಳು ಸಪ್ಪಳ ಹೇಗೆ ಕೇಳುತ್ತಾಳೆ ಎಂದು ಯಾರೂ ಕೇಳುವುದಿಲ್ಲ. ಅಂಚು ನೋಡಿಯೇ "ಇದು ಸಣ್ಣಾಕಿ ಕೈಯಿಂದು, ಇದು ಮೂಲಿಮನಿಯಾಕಿದು" ಎಂದು ಹೇಳಬಲ್ಲಳು. ನಪಾಸಾದವು ನಮ್ಮ ಮನೆಯ ಪಾಲು. ಜಾತ್ರೆಯ ತಿಂಗಳು ಪೂರ್ತಿ ನಾನು ಉಣ್ಣುವುದು ಬರೇ ಸೀಳು ರೊಟ್ಟಿ.

ಒಂದು ರೊಟ್ಟಿಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಅದನ್ನೂ ತೆಗೆದಿಟ್ಟಳು. ನಾನು, "ಅವ್ವಾ, ಲಕ್ಷಗಟ್ಟಲೆ ರೊಟ್ಟಿ ಒಟ್ಟುವಲ್ಲಿ ಇದನ್ನ ಯಾರ್ ನೋಡ್ತಾರ? ಯಾರ ಕೈಗೆ ಹೋಗ್ತೈತೋ ಯಾರಿಗೆ ಗೊತ್ತು" ಎಂದೆ. ಅವಳು ನನ್ನನ್ನು ನೋಡಿದ ರೀತಿಯಲ್ಲಿ, ಇಷ್ಟು ವರ್ಷ ಸರ್ಕಾರ ನನಗೆ ಸಂಬಳ ಕೊಟ್ಟದ್ದೇ ದಂಡ ಎನ್ನುವ ಭಾವವಿತ್ತು. "ಗೊತ್ತಿಲ್ಲಂತನ ತಗದಿದ್ದು. ಗೊತ್ತಿದ್ದವರಾದ್ರ 'ಸೀಳೈತಿ, ಹೊಂದಿಸ್ಕೋರಿ' ಅಂತ ಹೇಳಿ ನೀಡಬಹುದು. ಗೊತ್ತಿಲ್ಲದವರಿಗೆ ಹೆಂಗ್ ಹೇಳ್ತಿ?" ಎಂದು ಮುಂದಿನ ರೊಟ್ಟಿ ತಟ್ಟಿದಳು. ನನ್ನ ಟೇಬಲ್ಲಿನಿಂದ ಹೊರಗೆ ಹೋದ ಅಷ್ಟೂ ಕಾಗದಗಳು ಆಗ ನೆನಪಿಗೆ ಬಂದವು. ಅವು ಯಾರ ಮನೆಯ ಬಾಗಿಲಿಗೆ ಬಿದ್ದವೋ! ಓದಲು ಬರುವಂತೆ ನಂಬರು ಬರೆದಿದ್ದೆನೇ ಎಂದು ಸ್ವಲ್ಪ ಹೊತ್ತು ಕಳವಳವಾಯಿತು. ಅಷ್ಟರಲ್ಲಿ ಹಲಗೆ ಬಡಿಯುತ್ತ ಟ್ರ್ಯಾಕ್ಟರ್ ಬಂದಿತು. ಬುಟ್ಟಿಗಳು ಏರಿದವು, ನಮ್ಮ ಓಣಿಯ ರೊಟ್ಟಿ ಊರಿನ ರೊಟ್ಟಿಯಲ್ಲಿ ಸೇರಿತು, ಊರಿನದು ಕೊಪ್ಪಳದ ರಾಶಿಯಲ್ಲಿ.

ಹೋದ ಜಾತ್ರೆಗೆ ತಂಗಿಯ ಮಗನೂ ಬಂದಿದ್ದ. 2025ರ ಮೇ ತಿಂಗಳಿನಿಂದ ತಳಕಲ್‌ನಿಂದ ಕುಷ್ಟಗಿಯ ತನಕದ ಹೊಸ ಹಳಿಯ ಮೇಲೆ ಹುಬ್ಬಳ್ಳಿಯ ರೈಲು ಓಡುತ್ತದೆ, ಕುಕನೂರಿಗೂ ನಿಲ್ದಾಣವಾಗಿದೆ. ಹುಡುಗ ಹುಬ್ಬಳ್ಳಿಯಲ್ಲಿ ಆ ರೈಲು ಹಿಡಿದು ಇಳಿದ. ಅವನನ್ನು ಕರೆದುಕೊಂಡು ಕೊಪ್ಪಳಕ್ಕೆ ಹೋದೆ. ದಾಸೋಹದಲ್ಲಿ ಒಂದು ದಿನ ಮಿರ್ಚಿ ಭಜಿ ಇರುತ್ತದೆ. ಬೆಟ್ಟದಂತೆ ಬಿದ್ದ ಹಸಿಮೆಣಸಿನಕಾಯಿಯ ಮುಂದೆ ಸಾಲಾಗಿ ಜನ ಕೂತು ಸೀಳುತ್ತಿದ್ದರು. ಯಾರೋ ಹುಡುಗನ ಕೈಗೊಂದು ಚಾಕು ಕೊಟ್ಟು ಕೂಡಿಸಿದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಪಕ್ಕದ ಯಜಮಾನರು ಒಂದೇ ಪಾಠ ಹೇಳಿಕೊಟ್ಟರು: "ತುದಿತನಕ ಸೀಳಬ್ಯಾಡಪಾ. ನಡುವ ನಿಲ್ಲಿಸು. ಇಲ್ಲಂದ್ರ ಎಣ್ಣ್ಯಾಗ ಬಿಚ್ಚಿಕೊಳ್ತೈತಿ." ಮಧ್ಯಾಹ್ನದ ತನಕ ಅವನು ತಲೆ ಎತ್ತಲಿಲ್ಲ. ಜೇಬಿನಲ್ಲಿ ಫೋನು ಗುಂಯ್ಗುಡುತ್ತಿತ್ತು. ಖಾರದ ಕೈಯಿಂದ ಅದನ್ನು ಮುಟ್ಟುವಂತಿರಲಿಲ್ಲ. ಒಮ್ಮೆ ಮರೆತು ಕಣ್ಣು ಉಜ್ಜಿಕೊಂಡು ಕುಣಿದಾಡಿದ. ಸಾಲಿನವರೆಲ್ಲ ನಕ್ಕು ನೀರು ಹಾಕಿದರು, ಮತ್ತೆ ಕೂತ.

ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಬಿದ್ದ ಮಿರ್ಚಿ ಬಾಯಿ ತೆರೆದುಕೊಂಡು, ಹಿಟ್ಟು ಬಿಟ್ಟು, ಬೀಜವೆಲ್ಲ ಹೊರಗೆ ಚೆಲ್ಲಿಕೊಂಡಿತ್ತು. ಸುಮ್ಮನೆ ಕಾಡಿಸಲು, "ನೋಡಪಾ ನಿನ್ನ ಕೈಗುಣ" ಎಂದೆ. ಹುಡುಗ ನನ್ನ ತಟ್ಟೆಯಿಂದ ಅದನ್ನು ಎತ್ತಿಕೊಂಡು ಹೊರಳಿಸಿ ಹೊರಳಿಸಿ ನೋಡಿದ. ಅವನ ಮುಖ ಕೆಂಪಾಯಿತು.

"ಇದು ನಂದಲ್ಲ ಮಾವ."

"ಇಷ್ಟು ರಾಶಿಯೊಳಗ ಯಾರದು ಅಂತ ಹೆಂಗ್ ಹೇಳ್ತಿ?"

"ತುದಿತನಕ ಸೀಳ್ಯಾರ ನೋಡ್ರಿ. ನಾ ಒಂದೂ ಹಂಗ ಸೀಳಿಲ್ಲ" ಎಂದು ಎದ್ದು, ಬಡಿಸುವವನ ಬಕೀಟಿನೊಳಗೆ ಇಣುಕಿ ಹುಡುಕತೊಡಗಿದ. ಹಿಂದಿನ ಸಾಲಿನವರು ಕೂಗಿದರು. ಬಡಿಸುವವನು "ಯಾವದರ ಒಂದು ತಗೋ ತಮ್ಮಾ, ಎಲ್ಲಾ ಒಂದ ರುಚಿ" ಎಂದ. ಹುಡುಗ ಬಿಡಲಿಲ್ಲ. ಕೊನೆಗೊಂದು ಆರಿಸಿ, ಎರಡೂ ತುದಿ ನೋಡಿ ಖಾತ್ರಿ ಮಾಡಿಕೊಂಡು, ನನ್ನ ತಟ್ಟೆಗೆ ಹಾಕಿದ. ಬಹಳ ಖಾರವಿತ್ತು.